ಬೀದಿಗೆ ಕೆಂಪು ನಂಬರು ಬಿದ್ದ ಬೇಸಿಗೆ

ನಮ್ಮ ಕಚೇರಿಯ ಮೂವತ್ತು ಮೀಟರ್ ಟೇಪಿಗೆ ಮೊದಲ ಹನ್ನೊಂದು ಸೆಂಟಿಮೀಟರ್ ಇರಲಿಲ್ಲ. ಹುತ್ತೂರಿನ ಹತ್ತಿರ ಒಂದು ಮಂಟಪ ಅಳೆಯುತ್ತಿದ್ದಾಗ, ಕಂಬದ ಬುಡದಲ್ಲಿ ಟೇಪಿನ ತುದಿ ಹಿಡಿದು ಕೂತಿದ್ದ ವಿದ್ಯಾರ್ಥಿ ಫೋನ್ ಬಂತೆಂದು ಎದ್ದುಹೋದ. ಅವನ ಜಾಗಕ್ಕೆ ಮೇಕೆಯೊಂದು ಬಂದು ಹಿಡಿದುಕೊಂಡಿತು. ನಾವು ಕೂಗಿದೆವು, ಅದು ಜಗಿಯಿತು. ಅಲ್ಲಿಂದಾಚೆಗೆ ಟೇಪು ಏನೇ ತೋರಿಸಲಿ, ಅದರಲ್ಲಿ ಹನ್ನೊಂದು ಕಳೆದು ಬರೆಯಬೇಕು ಎಂಬುದೇ ಪ್ರತಿ ಇಂಟರ್ನ್‌ಗೆ ನಾನು ಹೇಳುವ ಮೊದಲ ಪಾಠವಾಯಿತು. ಒಂದು ತಂಡ ಕಳೆಯುವ ಬದಲು ಕೂಡಿಸಿತು. ಅವರ ನಕ್ಷೆಯಲ್ಲಿ ಮಂಟಪವು ಮದುವೆ ಊಟ ಮುಗಿಸಿ ಎದ್ದವರ ಹಾಗೆ ಎಲ್ಲ ಕಡೆಯಿಂದಲೂ ಊದಿಕೊಂಡಿತ್ತು. ಹೊಸ ಟೇಪು ಬೇಕೆಂದು ನಿರ್ದೇಶಕರನ್ನು ಕೇಳಿದೆ. "ಇರ್ಲಿ ಬಿಡಮ್ಮಾ, ಕಳೆಯೋ ಲೆಕ್ಕ ಮಾಡ್ತಿದ್ರೆ ಹುಡುಗ್ರ ಬುದ್ಧಿ ಚುರುಕಾಗತ್ತೆ" ಎಂದರು.

ಈ ಕೆಲಸದಿಂದ ನಾನು ನಿವೃತ್ತಳಾಗಿ ಒಂದು ವರ್ಷವಾಗುತ್ತಾ ಬಂತು. ನಿವೃತ್ತಿ ಎಂಬ ಮಾತು ನನ್ನ ವಯಸ್ಸಿಗೆ ಒಪ್ಪುವುದಿಲ್ಲ ಎಂದು ಗೊತ್ತು. ಆದರೆ ಬೇರೆ ಮಾತು ಸಿಗುತ್ತಿಲ್ಲ. ನಾನು ರಾಜೀನಾಮೆ ಕೊಡಲಿಲ್ಲ, ನನ್ನನ್ನು ಯಾರೂ ತೆಗೆಯಲಿಲ್ಲ. ಸಂಸ್ಥೆಯೇ ಬಾಗಿಲು ಹಾಕಿತು, ಒಳಗೆ ಇದ್ದ ನಾನು ಹೊರಗೆ ನಿಂತಿದ್ದೆ, ಅಷ್ಟೆ. ನಮ್ಮ ತಂದೆಯಂತೂ ನೆಂಟರ ಮುಂದೆ "ಅವಳು ರಿಟೈರ್ ಆದಳು" ಎಂದೇ ಹೇಳುತ್ತಾರೆ. ಹಾಗೆ ಹೇಳಿದರೆ ಮುಂದಿನ ಪ್ರಶ್ನೆಗಳು ಕಡಿಮೆ ಬರುತ್ತವಂತೆ.

ನಾನು ಓದಿದ ವಿಭಾಗದ ಹುಡುಗಿಯೊಬ್ಬಳು ಈಚೆಗೆ ಕೇಳಿದಳು: "ಅಕ್ಕಾ, ಹೆರಿಟೇಜ್ ಇಂಟರ್ನ್‌ಶಿಪ್‌ಗೆ ಹೋಗ್ಬೇಕು ಅಂತಿದೀನಿ. ಅಲ್ಲಿ ನಿಜವಾಗ್ಲೂ ಏನ್ ಮಾಡ್ತಾರೆ?" ಆಗ ನಾನು ಒಂದೇ ಸಾಲಿನಲ್ಲಿ, ಬಿಸಿಲಿನಲ್ಲಿ ನಿಲ್ಲುತ್ತಾರೆ ಎಂದೆ. ಅದು ಸುಳ್ಳಲ್ಲ. ಆದರೆ ಪೂರ್ತಿ ಉತ್ತರವೂ ಅಲ್ಲ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಕೋಲಾರದಲ್ಲಿ ಬಿತ್ತನೆ ಬೀಜದ ಅಂಗಡಿಯೊಂದರ ಮೇಲೆ ಎರಡು ಕೋಣೆ. ಅದು ನಮ್ಮ ಸಂಸ್ಥೆ. ಹಳೆಯ ಕಟ್ಟಡಗಳನ್ನು ಅಳೆದು, ನಕ್ಷೆ ಬರೆದು, ಫೋಟೋ ತೆಗೆದು ಇಡುವುದು ಕೆಲಸ. ಕೆಡವಬೇಡಿ ಎನ್ನುವ ಅಧಿಕಾರ ನಮಗಿರಲಿಲ್ಲ, ಉಳಿಸಿ ಎಂದು ಕೊಡಲು ಹಣವೂ ಇರಲಿಲ್ಲ. ನಾನು ಚರಿತ್ರೆಯಲ್ಲಿ ಎಂ.ಎ. ಮುಗಿಸಿ ಅಲ್ಲಿಗೆ ಇಂಟರ್ನ್ ಆಗಿ ಹೋದವಳು, ಹಾಗೆಯೇ ಉಳಿದೆ. ನಡುವೆ ಒಮ್ಮೆ ಬಡ್ತಿಯೂ ಸಿಕ್ಕಿತು. ಅದರಿಂದಾದ ಬದಲಾವಣೆ ಎಂದರೆ ಬೀಗದ ಕೈ ನನ್ನ ಚೀಲಕ್ಕೆ ಬಂತು.

ನಿರ್ದೇಶಕರನ್ನು ಎಲ್ಲರೂ ಸರ್ ಎನ್ನುತ್ತಿದ್ದೆವು. ಎಂಜಿನಿಯರ್ ಆಗಿ ಜೀವನವಿಡೀ ಹೊಸ ಸೇತುವೆ ಕಟ್ಟಿಸಿ, ನಿವೃತ್ತರಾದ ಮೇಲೆ ಹಳೆಯ ಕಲ್ಲುಗಳ ಮೇಲೆ ಪ್ರೀತಿ ಹುಟ್ಟಿಸಿಕೊಂಡವರು. ಒಳ್ಳೆಯವರು. ಅವರ ದೋಷ ಒಂದೇ: ಮೂರು ಜನ ಒಟ್ಟಿಗೆ ನಿಂತಿರುವುದು ಕಂಡರೆ ಭಾಷಣ ಶುರು ಮಾಡುತ್ತಿದ್ದರು. ಬಸ್ ಸ್ಟ್ಯಾಂಡಿಗೆ ಅವರ ಜೊತೆ ಹೋಗುವುದನ್ನು ನಾನು ತಪ್ಪಿಸುತ್ತಿದ್ದೆ.

ಇಂಟರ್ನ್‌ಗಳು ಬರುತ್ತಿದ್ದುದು ಬೇಸಿಗೆ ರಜೆಯಲ್ಲಿ, ಹೆಚ್ಚಾಗಿ ಬೆಂಗಳೂರಿನ ಆರ್ಕಿಟೆಕ್ಚರ್ ಕಾಲೇಜುಗಳಿಂದ. ನಮ್ಮ ಜಿಲ್ಲೆಯಲ್ಲಿ ಬೇಸಿಗೆ ಎಂದರೆ ಮಾವಿನ ಕಾಲ ಎಂಬುದನ್ನು ಯಾವ ಕಾಲೇಜೂ ಅವರಿಗೆ ಹೇಳಿ ಕಳಿಸುವುದಿಲ್ಲ. ಶ್ರೀನಿವಾಸಪುರದ ಹತ್ತಿರ ತೋಟವೊಂದರ ನಡುವೆ ಸಣ್ಣ ಗುಡಿಯಿದೆ. ಅದನ್ನು ಅಳೆಯಲು ಎರಡು ದಿನ ಸಾಕು. ತೋಟದವರು ದಿನಾ ಬುಟ್ಟಿ ತುಂಬ ಹಣ್ಣು ತಂದಿಡುತ್ತಿದ್ದ ಕಾರಣ ಕೆಲಸ ವಾರವಾದರೂ ಮುಗಿಯಲಿಲ್ಲ. ಕೊನೆಗೆ ಬಂದ ನಕ್ಷೆಯ ಹಾಳೆಗಳ ಮೇಲೆಲ್ಲ ಹಳದಿ ಬೆರಳಚ್ಚು. ಸರ್ ಅದನ್ನು ಬೆಳಕಿಗೆ ಹಿಡಿದು ನೋಡಿ, "ಈ ಗುಡಿಗೆ ಇಷ್ಟೊಂದು ಕಿಟಕಿ ಇದ್ವೇನಮ್ಮಾ?" ಎಂದರು.

ಮುಂದೆ ಲೇಸರ್ ಅಳತೆಯ ಯಂತ್ರ ಬಂತು. ಗುಂಡಿ ಒತ್ತಿದರೆ ಕೆಂಪು ಚುಕ್ಕೆ ಗೋಡೆಗೆ ಹೋಗಿ ಬಡಿದು, ದೂರ ಎಷ್ಟೆಂದು ಹೇಳುತ್ತದೆ. ಮಾಲೂರಿನ ಹಳೆಯ ಹೆಂಚಿನ ಕಾರ್ಖಾನೆಯಲ್ಲಿ ಅದನ್ನು ಮೊದಲ ಸಲ ಬಳಸಿದೆವು. ಹೆಂಚಿನ ಧೂಳಿನಲ್ಲಿ ಆ ಚುಕ್ಕೆ ಎಲ್ಲಿ ನಿಂತಿತೋ ಅದಕ್ಕೇ ಗೊತ್ತು. ಹೆಂಚು ಸುಡುವ ಗೂಡಿನ ಉದ್ದ ಒಮ್ಮೆ ಹದಿನೆಂಟು ಮೀಟರ್, ಒಮ್ಮೆ ಮೂರು. ಅಲ್ಲೇ ಒಬ್ಬ ವಿದ್ಯಾರ್ಥಿನಿ, ಕಾಲೇಜಿನವರು ಕೊಟ್ಟ ಪ್ರಶ್ನೆಗಳನ್ನು ಹಿಡಿದು, ಗೂಡಿಗೆ ಬೆಂಕಿ ಹಾಕುವವರನ್ನು ಕೇಳಿದಳು: "ಈ ಜಾಗ ನಿಮ್ಮಲ್ಲಿ ಯಾವ ಭಾವನೆ ಮೂಡಿಸುತ್ತೆ?" ಆತ ಬೆವರು ಒರೆಸಿಕೊಂಡು ನನ್ನ ಮುಖ ನೋಡಿದರು. ಆಮೇಲೆ ಅವಳ ಮುಖ ನೋಡಿದರು. "ಸೆಕೆ" ಎಂದರು. ಆ ಸಂದರ್ಶನವೇ ನಮ್ಮ ಕಡತದಲ್ಲಿರುವ ಅತ್ಯಂತ ನಿಖರವಾದ ದಾಖಲೆ ಎಂದು ನಾನು ಇಂದಿಗೂ ನಂಬಿದ್ದೇನೆ.

ಮನೆಗಳಿಗೆ ಹೋದಾಗ ಬರುವ ಪ್ರಶ್ನೆಯೊಂದಿದೆ. ಈ ಕೆಲಸಕ್ಕೆ ಬರುವ ಹುಡುಗಿಯರು ಸಿದ್ಧರಾಗಿರಬೇಕು. "ಮದ್ವೆ ಆಗಿದ್ಯೇನಮ್ಮಾ?" ಇದಕ್ಕೆ ಹೌದು, ಇಲ್ಲ ಎರಡೂ ಹೇಳಬಾರದು. ಎರಡರ ಹಿಂದೆಯೂ ಇನ್ನೊಂದು ಪ್ರಶ್ನೆ ಕಾದಿರುತ್ತದೆ. ನಾನು ಸೂರು ನೋಡುತ್ತಾ "ಈ ತೊಲೆ ಯಾವ ಮರದ್ದು?" ಎನ್ನುತ್ತಿದ್ದೆ. ತೇಗ, ಬೇವು, ಹಲಸು ಎಂದು ಮನೆಯವರಲ್ಲೇ ಜಗಳ ಹತ್ತಿಕೊಳ್ಳುತ್ತಿತ್ತು. ಅಷ್ಟರಲ್ಲಿ ನನ್ನ ಅಳತೆ ಮುಗಿದಿರುತ್ತಿತ್ತು.

ಈಗ ನಿಖಿಲನ ವಿಷಯ. ನಮ್ಮ ಕೊನೆಯ ಬೇಸಿಗೆಗೆ ಮುಂಚಿನ ಬೇಸಿಗೆ ಬಂದವನು. ಜೊತೆಗೆ ಅದೇ ಕಾಲೇಜಿನ ಆರತಿ. ಆರತಿ ಗೆರೆ ಎಳೆದರೆ ದಾರ ಹಿಡಿದ ಹಾಗಿರುತ್ತಿತ್ತು. ಮಾತು ಮಾತ್ರ ಬಾಯಿಗೆ ಬಂದ ಹಾಗೆ. ನಿಖಿಲ ಉತ್ಸಾಹಿ. ನನ್ನ ಅನುಭವದಲ್ಲಿ ಸೋಮಾರಿ ಇಂಟರ್ನ್‌ನಿಂದ ಯಾವ ಅಪಾಯವೂ ಇಲ್ಲ, ಅವನು ನೆರಳು ಹುಡುಕಿ ಕೂರುತ್ತಾನೆ. ಕಾಯಬೇಕಾದದ್ದು ಉತ್ಸಾಹಿಯನ್ನು.

ಮೊದಲ ವಾರವೇ ಅವನು ಕಳೆದುಹೋದ. ಕೊರಳಿಗೆ ಗುರುತಿನ ಚೀಟಿ ನೇತುಹಾಕಿಕೊಂಡು ಕೋಲಾರದ ರಸ್ತೆಬದಿ ನಿಂತಿದ್ದಾನೆ, ಅಂಥದೇ ಚೀಟಿ ಹಾಕಿದ್ದ ಹುಡುಗರು ಒಂದು ಬಸ್ ಹತ್ತಿದ್ದಾರೆ, ಇವನೂ ಹತ್ತಿದ. ಅದು ನರಸಾಪುರದ ಕಂಪನಿಯೊಂದರ ಶಿಫ್ಟ್ ಬಸ್ಸು. ಗೇಟಿನಲ್ಲಿ ಇವನ ಚೀಟಿ ಬೇರೆ ಎಂದು ತಿಳಿದು ಹೊರಗೆ ನಿಲ್ಲಿಸಿದರು. ವಾಪಸ್ ಬಸ್ಸು ಶಿಫ್ಟ್ ಬಿಟ್ಟ ಮೇಲೆಯೇ. ಸುಮ್ಮನೆ ಕೂರಲಾರದೆ ಇವನು ಪುಸ್ತಕ ತೆಗೆದು ಕಂಪನಿಯ ಕಾಂಪೌಂಡಿನ ನಕ್ಷೆ ಬರೆಯತೊಡಗಿದ. ನಾನು ಹೋಗುವಷ್ಟರಲ್ಲಿ ಸೆಕ್ಯುರಿಟಿಯವರು ಇವನನ್ನು ಕುರ್ಚಿಯ ಮೇಲೆ ಕೂರಿಸಿ ಸುತ್ತ ನಿಂತಿದ್ದರು.

"ಮೇಡಮ್, ಈ ಹುಡ್ಗ ನಿಮ್ಮವ್ನಾ? ನಮ್ ಗೋಡೆ ಎಷ್ಟೆತ್ರ ಅಂತ ಹೆಜ್ಜೆ ಹಾಕ್ಕೊಂಡ್ ಅಳೀತಿದ್ದ."

"ಹೆಜ್ಜೆ ಹಾಕಿ ಎತ್ತರ ಅಳೆಯೋಕಾಗಲ್ಲ ಮ್ಯಾಮ್, ನಾನು ಅಳೀತಿದ್ದಿದ್ದು ಉದ್ದ" ಎಂದ ನಿಖಿಲ.

ಅವನನ್ನು ಬಿಡಿಸಿಕೊಂಡು ಬಂದ ಮೇಲೆ, ಹೇಳಿದ್ದಷ್ಟನ್ನೇ ಮಾಡಬೇಕು ಎಂದು ಅವನಿಗೆ ಹೇಳಿದೆ. ಅವನು ಅದನ್ನೂ ಬರೆದುಕೊಂಡ.

ಆಮೇಲೆ ನಾವು ಮುಳಬಾಗಿಲಿಗೆ ಹೋದೆವು. ಅಲ್ಲೊಂದು ಹಳೆಯ ಬೀದಿಯ ಎರಡೂ ಬದಿಯ ಮನೆಗಳ ನಕ್ಷೆ ಬರೆಯಬೇಕಿತ್ತು. ಜಗುಲಿ, ಕಂಬ, ಮಾಡದ ಗೂಡು ಇನ್ನೂ ಉಳಿದಿದ್ದ ಮನೆಗಳು. ಅವುಗಳಲ್ಲಿ ಶ್ರೀಧರರಾಯರ ಮನೆಯ ಬಗ್ಗೆ ನನಗೆ ಪಕ್ಷಪಾತವಿತ್ತು. ರಾಯರು ತೆರಿಗೆ ಲೆಕ್ಕ ಬರೆಯುವವರು. ಬೀದಿಯ ಕಡೆಯ ಕೋಣೆಯೇ ಅವರ ಆಫೀಸು. ಒಳಗೆ ನಡುಮನೆಯಲ್ಲಿ ನಾಲ್ಕು ಮರದ ಕಂಬಗಳು, ಪ್ರತಿ ಕಂಬದ ನೆತ್ತಿಯ ಬೋದಿಗೆಯಲ್ಲೂ ಜೋಡಿ ಗಿಳಿ. ಮೂರು ಜೋಡಿ ಎದುರುಬದುರು ನೋಡುತ್ತಿವೆ, ನಾಲ್ಕನೆಯದು ಬೆನ್ನು ತಿರುಗಿಸಿ ಕೂತಿದೆ. ಯಾಕೆ ಎಂದು ಕೇಳಿದ್ದಕ್ಕೆ ರಾಯರ ಹೆಂಡತಿ ಪದ್ಮಕ್ಕ, "ಅವೆರಡಕ್ಕೂ ಮಾತಿಲ್ಲ. ನಮ್ಮತ್ತೆ ಕಾಲದಿಂದ್ಲೂ" ಎಂದಿದ್ದರು.

ಬೀದಿಯ ನಕ್ಷೆ ಬರೆಯುವಾಗ ಪ್ರತಿ ಮನೆಗೂ ಒಂದು ನಂಬರು ಕೊಡುತ್ತೇವೆ. ಸೀಮೆಸುಣ್ಣದಲ್ಲಿ ಜಗುಲಿಯ ಮೇಲೆ ನಂಬರು ಬರೆದು, ಫೋಟೋ ತೆಗೆದು, ಒರೆಸಿಬಿಡುವುದು. ಹಾಗೆ ಮಾಡಿ ಎಂದು ಹೇಳಿ ನಾನು ಬೆಳಗಿನ ಬಸ್ಸಿಗೆ ಕೋಲಾರದ ಕಚೇರಿಗೆ ಹೋದೆ. ಹಿಂದಿನ ಸಂಜೆ ಬಿದ್ದ ಮಳೆಗೆ ಜಗುಲಿಗಳು ಒದ್ದೆಯಾಗಿದ್ದವು, ಸೀಮೆಸುಣ್ಣ ಹಿಡಿಯಲಿಲ್ಲ. ನಿಖಿಲ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದು ಡಬ್ಬಿ ಕೆಂಪು ಆಯಿಲ್ ಪೇಂಟ್ ತಂದ. ನಂಬರು ಬರೆದ. ಅಷ್ಟಕ್ಕೆ ನಿಲ್ಲಲಿಲ್ಲ. ರಸ್ತೆಯ ನಡುಗೆರೆಯಿಂದ ಆ ಮನೆ ಎಷ್ಟು ದೂರ ಎಂದು ಅಳೆದು, ಅದನ್ನೂ ನಂಬರಿನ ಕೆಳಗೆ ಬರೆದು, ಪಕ್ಕದಲ್ಲೊಂದು ಬಾಣ ಹಾಕಿದ. ಎಲ್ಲಿಂದ ಅಳೆದದ್ದು ಎಂದು ಗೊತ್ತಾಗಲಿ ಎಂದು ಬಾಣದ ತುದಿಗೊಂದು ಅಡ್ಡಗೆರೆ ಎಳೆದ.

ನಮ್ಮ ಕಡೆ ಯಾವ ಊರಿನಲ್ಲಾದರೂ ಮನೆಯ ಮುಂದೆ ಕೆಂಪು ನಂಬರು, ಮೀಟರು, ಬಾಣ, ಅಡ್ಡಗೆರೆ ಕಂಡರೆ ಅದಕ್ಕೆ ಒಂದೇ ಅರ್ಥ: ರಸ್ತೆ ಅಗಲ ಮಾಡುತ್ತಾರೆ, ಇಲ್ಲಿಯವರೆಗೆ ಒಡೆಯುತ್ತಾರೆ. ಬೆಂಗಳೂರಿನಲ್ಲೂ ಅದೇ ಅರ್ಥ. ನಿಖಿಲ ಹುಟ್ಟಿ ಬೆಳೆದದ್ದು ಹದಿಮೂರನೆಯ ಮಹಡಿಯಲ್ಲಿ.

ಮಧ್ಯಾಹ್ನ ನಾನು ಬಸ್ಸಿಳಿದು ಬೀದಿಗೆ ತಿರುಗಿದರೆ ಎಲ್ಲರೂ ಹೊರಗೆ. ಸಾಲಾಗಿ ಕೆಂಪು ಅಂಕಿಗಳು, ನೋಡಲು ಬಲು ಅಚ್ಚುಕಟ್ಟು. ನಿಖಿಲ ಡಬ್ಬಿ ಹಿಡಿದು ನಗುತ್ತಾ ಬಂದ.

"ಮ್ಯಾಮ್, ಎಲ್ಲ ಮುಗೀತು. ಜನ ತುಂಬಾ ಇಂಟರೆಸ್ಟ್ ತೋರಿಸ್ತಿದಾರೆ."

ತೋರಿಸುತ್ತಿದ್ದರು. ಒಬ್ಬರು ಫೋನಿನಲ್ಲಿ ಯಾರಿಗೋ "ನಿಂತಿದ್ದಂಗೇ ಬಾ" ಎನ್ನುತ್ತಿದ್ದರು. ಒಂದು ಮನೆಯ ಹೆಂಗಸು ಅಂಕಿಯ ಮೇಲೆ ಸಗಣಿ ಬಳಿದು ರಂಗೋಲಿ ಹಾಕುತ್ತಿದ್ದಳು. ಇದ್ದವರಲ್ಲೆಲ್ಲ ಹೆಚ್ಚು ಕೋಪದಲ್ಲಿದ್ದವರು ಹಿಟ್ಟಿನ ಗಿರಣಿಯ ಮುನಿವೆಂಕಟಪ್ಪ. ಅವರದು ಎರಡು ಮಹಡಿಯ ಹೊಸ ಕಟ್ಟಡ. ನಮ್ಮ ಕೆಲಸಕ್ಕೆ ಬೇಡ ಎಂದು ಇಂಟರ್ನ್‌ಗಳು ಬಿಟ್ಟಿದ್ದರು.

"ಏಮಮ್ಮಾ ಇದಿ?" ಇದೇನು ಎಂದು ತೆಲುಗಿನಲ್ಲಿ ಕೇಳುತ್ತಾ ಅವರು ನನ್ನ ದಾರಿಗೆ ಅಡ್ಡ ನಿಂತರು. "ಬೀದಿಗೆಲ್ಲಾ ನಂಬರ್ ಹಾಕಿ ನಮ್ದೊಂದೇ ಬಿಟ್ಟಿದೀರ? ಎಲ್ರಿಗೂ ಪರಿಹಾರ ಬತ್ತದೆ, ನಾನೇನು ಪಾಪ ಮಾಡಿದೀನಿ?"

"ಪರಿಹಾರ ಅಲ್ಲ ಅಂಕಲ್" ಎಂದು ನಡುವೆ ಬಂದಳು ಆರತಿ. "ನಿಮ್ಮನೇಗೆ ವ್ಯಾಲ್ಯೂ ಇಲ್ಲ, ಅದಕ್ಕೇ ಬಿಟ್ವಿ."

ರಂಗೋಲಿ ಹಾಕುತ್ತಿದ್ದವಳೂ ತಲೆಯೆತ್ತಿ ನೋಡಿದಳು.

"ವ್ಯಾಲ್ಯೂ ಇಲ್ವಾ?" ಮುನಿವೆಂಕಟಪ್ಪನವರ ದನಿ ಗಿರಣಿಯ ಸದ್ದನ್ನೂ ಮೀರಿತು. "ಎರಡು ಫ್ಲೋರ್‌ಗೂ ಟೈಲ್ಸ್ ಹಾಕ್ಸಿದೀನಮ್ಮಾ ನಾನು! ಆ ರಾಯರ ಮನೇಲಿ ಮಣ್ಣಿನ ಗೋಡೆ, ಜಂತೆ ತುಂಬ ಹಲ್ಲಿ. ಅದಕ್ಕೆ ವ್ಯಾಲ್ಯೂ ಅದೆ, ನಮ್ದುಕ್ಕಿಲ್ವಾ? ಚೂಡಮ್ಮಾ, ಒಳಗ್ ಬಂದು ಚೂಡು!"

ನಾನು ಹೋಗಿ ನೋಡಿದೆ. ಟೈಲ್ಸ್ ಚೆನ್ನಾಗಿತ್ತು. ಚೆನ್ನಾಗಿದೆ ಎಂದು ಹೇಳಿ, ಕುಡಿಯಲು ಕೊಟ್ಟ ನೀರು ಕುಡಿದು ಹೊರಗೆ ಬಂದೆ. ಅಷ್ಟರಲ್ಲಿ ಅವರ ಹೇಳಿಕೆಯ ಮೇರೆಗೆ ನಿಖಿಲ ಅವರ ಗೇಟಿಗೂ ಒಂದು ನಂಬರು ಬರೆದಿದ್ದ.

ಜಗುಲಿಯ ಮೇಲೆ ನಿಂತು ನಾನು ಎಲ್ಲರಿಗೂ ವಿಷಯ ಹೇಳಿದೆ. ಗಟ್ಟಿಯಾಗಿ ಮಾತಾಡುವುದು ನನಗೆ ಒಗ್ಗದು. ಎರಡು ಸಲ ಹೇಳಬೇಕಾಯಿತು. ಇದು ರಸ್ತೆ ಅಗಲಕ್ಕಲ್ಲ, ನಾವು ಸರ್ಕಾರದವರಲ್ಲ, ಹಳೆಯ ಮನೆಗಳ ದಾಖಲೆಗಾಗಿ ಬಂದ ವಿದ್ಯಾರ್ಥಿಗಳು, ಬಣ್ಣ ಹಾಕಿದ್ದು ತಪ್ಪು, ಇವತ್ತೇ ಅಳಿಸುತ್ತೇವೆ. ಜನಕ್ಕೆ ಸಮಾಧಾನವಾಯಿತು. ಮುನಿವೆಂಕಟಪ್ಪನವರಿಗೆ ನಿರಾಸೆಯಾಯಿತು. ಶ್ರೀಧರರಾಯರೊಬ್ಬರು ಮಾತ್ರ ಕನ್ನಡಕ ತೆಗೆದು ಒರೆಸುತ್ತಾ ನನ್ನನ್ನೇ ನೋಡುತ್ತಿದ್ದರು.

"ಅಂದ್ರೆ ಹೆರಿಟೇಜು" ಎಂದರು.

"ಹೌದು ಸರ್."

"ರಸ್ತೆ ಅಗಲ ಆಗಿದ್ರೆ ವಾಸಿಯಾಗಿತ್ತಲ್ಲಮ್ಮಾ. ಒಡೆದು ದುಡ್ಡು ಕೊಟ್ಟು ಹೋಗ್ತಿದ್ರು. ಇದು ಹಾಗಲ್ಲ. ನಮ್ಮ ಷಡ್ಡಕ ಒಬ್ರು ಇದಾರೆ, ಅವರೂರಲ್ಲಿ ಮನೇನ ಪಟ್ಟಿಗೆ ಸೇರಿಸ್ಬಿಟ್ರು. ಈಗ ಕಿಟಕಿ ಬದಲಾಯಿಸ್ಬೇಕಾದ್ರೂ ಅರ್ಜಿ ಹಾಕ್ಬೇಕು. ನಮ್ಮನೆಯೊಳಗೆ ಮೊಳೆ ಹೊಡೆಯೋಕೆ ನಾನ್ಯಾರನ್ನ ಕೇಳ್ಬೇಕು?"

ನಾವು ಬರೀ ಬರೆದುಕೊಂಡು ಹೋಗುವವರು, ಯಾವ ಪಟ್ಟಿಗೂ ಸೇರಿಸಲಾರೆವು ಎಂದೆ. "ಎಲ್ಲರೂ ಮೊದಲು ಬರಕೊಂಡೇ ಹೋಗೋದು" ಎಂದರು ರಾಯರು. ವರ್ಷಗಟ್ಟಲೆ ತೆರಿಗೆ ಇಲಾಖೆಯೊಡನೆ ವ್ಯವಹರಿಸಿದವರ ಅನುಭವದ ಮಾತು.

ನಾನು ಫೋನ್ ಮಾಡಿದ್ದರಿಂದ ಸರ್ ಕಾರಿನಲ್ಲಿ ಬಂದರು. ಬರಹೇಳಿದ್ದು ರಾಯರಿಗೆ ಎರಡು ಮಾತು ಸಮಾಧಾನ ಹೇಳಲಿ ಎಂದು. ಅವರು ಕಾರಿನಿಂದ ಇಳಿದಾಗ ಬೀದಿಯಲ್ಲಿ ಮೂವರಿಗಿಂತ ಹೆಚ್ಚು ಜನರಿದ್ದರು.

"ಈ ಮನೆಯ ಕಂಬಗಳಿವೆಯಲ್ಲ" ಎಂದು ಸರ್ ಜಗುಲಿಯ ಮೇಲಿಂದ ಕೈಯೆತ್ತಿ ಹೇಳಿದರು, "ನಾನು ಜಿಲ್ಲೆ ಪೂರ್ತಿ ಸುತ್ತಿದೀನಿ. ಇಂಥ ಕೆತ್ತನೆ ಇನ್ನೊಂದು ಕಡೆ ಇಲ್ಲ. ಈ ಮರ ಈಗ ಎಲ್ಲೂ ಸಿಗಲ್ಲ. ಇದಕ್ಕೆ ಬೆಲೆ ಕಟ್ಟೋಕಾಗಲ್ಲ!"

ರಾಯರು ತಲೆದೂಗುತ್ತಾ ಕೇಳಿದರು. ಭಾಷಣ ಮುಗಿದದ್ದೇ ಒಳಗೆ ಹೋಗಿ ಫೋನ್ ತೆಗೆದರು. ಮದನಪಲ್ಲಿ ಕಡೆಯ ಹಳೇ ಮರದ ವ್ಯಾಪಾರಿಯೊಬ್ಬ ಆ ಕಂಬಗಳನ್ನು ಕೇಳಿ ಎಷ್ಟೋ ಸಲ ಬಂದುಹೋಗಿದ್ದನಂತೆ. ನಾವು ಜಗುಲಿಯ ಮೇಲಿದ್ದರೂ ಒಳಗಿನ ಮಾತು ಕೇಳುತ್ತಿತ್ತು.

"ನಾಳೆ ಬೆಳಿಗ್ಗೇನೇ ಟೆಂಪೋ ತಗೊಂಡ್ ಬಾಪ್ಪಾ. ಹೌದು, ನಾಲ್ಕೂ. ಆದ್ರೆ ಹಿಂದೆ ಹೇಳಿದ ರೇಟ್‌ಗೆ ಆಗಲ್ಲ. ಎಂಜಿನಿಯರೇ ಬಂದು ಬೆಲೆ ಕಟ್ಟೋಕಾಗಲ್ಲ ಅಂತ ಹೇಳಿದಾರೆ."

ಸರ್ ನನ್ನ ಮುಖ ನೋಡಿದರು. ನಾನು ಬೀದಿ ನೋಡಿದೆ. "ಕಂಬ ತೆಗೆದ್ರೆ ಸೂರು ಬೀಳತ್ತಲ್ಲಮ್ಮಾ" ಎಂದರು ಮೆತ್ತಗೆ. ರಾಯರ ಯೋಚನೆಯೂ ಅದೇ ಆಗಿತ್ತು. ಸೂರಿಗೆ ಕಬ್ಬಿಣದ ಜಾಕಿ ಕೊಟ್ಟು ಕಂಬ ಎಳೆಯುವುದು, ಆಮೇಲೆ ಇಡೀ ಮುಂಭಾಗ ಇಳಿಸಿ ಹೊಸದು ಕಟ್ಟುವುದು. ಪಟ್ಟಿಯವರು ಬರುವಷ್ಟರಲ್ಲಿ ಪಟ್ಟಿ ಮಾಡಲು ಏನೂ ಇರಬಾರದು. ಇಷ್ಟು ವರ್ಷ ನಿಂತಿದ್ದ ಮನೆಯನ್ನು ನಾವು ಒಂದು ಡಬ್ಬಿ ಬಣ್ಣ, ಒಂದು ಭಾಷಣದಲ್ಲಿ ಒಂದೇ ಮಧ್ಯಾಹ್ನ ಬೀಳಿಸುವ ಹಂತಕ್ಕೆ ತಂದಿದ್ದೆವು. ದಾಖಲೆ ಮಾಡದೇ ಇದ್ದಿದ್ದರೆ ಅದು ಉಳಿಯುತ್ತಿತ್ತು.

ಸರ್ ಅವರನ್ನು ಕಾರು ಹತ್ತಿಸಿ ಕಳಿಸಿದೆ. ಮತ್ತೆ ಯಾರಾದರೂ ಗುಂಪುಗೂಡುವ ಮೊದಲು ಕಳಿಸುವುದು ಮುಖ್ಯವಾಗಿತ್ತು. ನಿಖಿಲ, ಆರತಿ, ನಾನು ಥಿನ್ನರ್, ಹಳೇ ಬಟ್ಟೆ ಹಿಡಿದು ಬಣ್ಣ ಅಳಿಸಲು ಕೂತೆವು. ಕಲ್ಲಿನ ಮೇಲಿನ ಬಣ್ಣ ಪೂರ್ತಿ ಹೋಗುವುದಿಲ್ಲ, ತೆಳು ಗುಲಾಬಿಯಾಗಿ ಹರಡುತ್ತದೆ. ರಾಯರ ಜಗುಲಿ ಉಜ್ಜುವಾಗ ಪದ್ಮಕ್ಕ ಹುಣಸೆಹಣ್ಣು ತಂದುಕೊಟ್ಟು ಪಕ್ಕದಲ್ಲಿ ನಿಂತರು.

"ಯಾಕೆ ಇಷ್ಟು ಉಜ್ತೀರೇ? ನಾಳಿದ್ದು ಈ ಕಲ್ಲೂ ಹೋಗತ್ತೆ."

"ನಿಮಗೆ ಬೇಜಾರಿಲ್ವಾ ಪದ್ಮಕ್ಕ?" ಎಂದೆ. ಸಾಮಾನ್ಯವಾಗಿ ನಾನು ಅಂಥ ಪ್ರಶ್ನೆ ಕೇಳುವುದಿಲ್ಲ.

"ಬೇಜಾರಾ? ಸಂತೋಷ ಕಣೇ." ಅವರು ಸೆರಗಿನಿಂದ ಮುಖ ಒರೆಸಿಕೊಂಡು ಜಗುಲಿಯ ಮೇಲೆ ಕೂತರು, ಕೂರುವಾಗ ಒಂದು ಕೈ ಮಂಡಿಯ ಮೇಲಿತ್ತು. "ನೀನು ಬಂದಾಗಿಂದ ಕಂಬ ನೋಡ್ತಿದೀಯ. ಗಿಳಿ ಫೋಟೋ ತೆಗೀತೀಯ. ಈ ಮನೇಲಿ ಬಚ್ಚಲು ಎಲ್ಲಿದೆ ಅಂತ ನೋಡಿದೀಯಾ?"

ನೋಡಿದ್ದೆ. ನಕ್ಷೆಯಲ್ಲಿತ್ತು. ಹಿತ್ತಲಿನ ಆ ತುದಿ. ಅಡುಗೆಮನೆಯಿಂದ ಮೆಟ್ಟಿಲಿಳಿದು, ತೊಟ್ಟಿಯ ಪಕ್ಕ ಹಾದು, ಬಾವಿಕಟ್ಟೆ ಸುತ್ತಿಕೊಂಡು ಹೋಗಬೇಕು. ಮಳೆಯಲ್ಲಿ ಛತ್ರಿ ಬೇಕು. ಅದರ ಅಳತೆ ತೆಗೆದಿದ್ದೆವು, ಕಲ್ಲು ಯಾವುದೆಂದು ಬರೆದಿದ್ದೆವು. ಅಷ್ಟು ದೂರ ಯಾರು ನಡೆಯುತ್ತಾರೆ ಎಂದು ಬರೆದಿರಲಿಲ್ಲ.

"ಮಂಡಿ ನೋವು ಶುರುವಾದಾಗಿಂದ ಕೇಳ್ತಿದೀನಿ, ಒಳಗೊಂದು ಮಾಡಿಸಿ ಅಂತ. ಇವರು ಹಳೇ ಮನೆ, ಜಾಗ ಇಲ್ಲ, ಕೆಡವಿದಾಗ ನೋಡೋಣ ಅಂತಾರೆ. ಈಗ ಕೆಡವ್ತಾರಲ್ಲ. ನಿಮ್ಮ ಹುಡುಗನ ಕೈಗೆ ಬಂಗಾರದ ಬಳೆ ಹಾಕ್ಬೇಕು."

ನಿಖಿಲ ಉಜ್ಜುವುದನ್ನು ನಿಲ್ಲಿಸಿ, ಇದು ಹೊಗಳಿಕೆಯೋ ಅಲ್ಲವೋ ಎಂದು ನನ್ನ ಕಡೆ ನೋಡಿದ.

ಇಲ್ಲಿ ಹೊಸಬರಿಗೆ ಒಂದು ಮಾತು. ಮನೆಯವರಿಗೆ ಚರಿತ್ರೆ ಹೇಳಬೇಡಿ. ಅದು ಅವರಿಗೆ ಗೊತ್ತು, ಅದರಲ್ಲೇ ಬಟ್ಟೆ ಒಣಗಿಹಾಕಿರುತ್ತಾರೆ. ನಾನು ಆರತಿಯನ್ನು ಕರೆದು, ಮನೆಯ ನಕ್ಷೆ ತೆಗೆಯಲು ಹೇಳಿದೆ. "ಈ ನಾಲ್ಕು ಕಂಬ ಮುಟ್ಟದೆ ಒಳಗೊಂದು ಬಚ್ಚಲು, ಕಮೋಡ್ ಸಮೇತ. ಎಲ್ಲಿ ಕೂರಿಸ್ತೀಯ?"

"ಮ್ಯಾಮ್, ಅದು ನಮ್ಮ ಇಂಟರ್ನ್‌ಶಿಪ್‌ನಲ್ಲಿಲ್ಲ" ಎಂದಳು.

"ಇವತ್ತಿನಿಂದ ಇದೆ."

ಅವಳು ಅಲ್ಲೇ ಜಗುಲಿಯ ಮೇಲೆ ಕೂತು, ಮೂರು ವರ್ಷ ಓದಿದ್ದನ್ನೆಲ್ಲ ಪೆನ್ಸಿಲಿನ ತುದಿಗೆ ತಂದುಕೊಂಡಳು. ಸ್ವಲ್ಪ ಹೊತ್ತಿಗೆ ಹಾಳೆ ತಿರುಗಿಸಿ ಪದ್ಮಕ್ಕನ ಮುಂದಿಟ್ಟಳು. ಮಲಗುವ ಕೋಣೆಯಿಂದ ಎರಡು ಹೆಜ್ಜೆ, ಗಾಳಿ, ಬೆಳಕು, ಎಲ್ಲವೂ ಸರಿ. ಪದ್ಮಕ್ಕ ಬೆರಳಿಟ್ಟು ನೋಡುತ್ತಾ ಹೋದರು. ಬೆರಳು ನಿಂತಿತು.

"ಈ ಗೋಡೆಯಾಚೆ ಏನಿದೆ ಗೊತ್ತೇನೇ?"

"ಒಂದು ಚಿಕ್ಕ ರೂಮು ಆಂಟಿ. ಪೈಪ್‌ಗೆ ತುಂಬಾ ಅನುಕೂಲ."

"ದೇವರ ಮನೆ! ಈಶಾನ್ಯದಲ್ಲಿ ಕಮೋಡ್ ಇಡ್ತೀಯಾ? ನಮ್ಮ ವಂಶ ಉಳಿಯೋದು ಬೇಡ್ವಾ?"

ಒಳಗಿನಿಂದ ರಾಯರೂ ಓಡಿ ಬಂದರು. ಫೋನಿನಲ್ಲಿ ದಿಕ್ಸೂಚಿ ತೆರೆದರು. ಕಬ್ಬಿಣದ ಬೀರುವಿನ ಪಕ್ಕ ಅದು ಒಂದು ದಿಕ್ಕು ತೋರಿಸಿತು, ಬಾಗಿಲ ಹತ್ತಿರ ಇನ್ನೊಂದು. ನಿಖಿಲ ಸೂರ್ಯನನ್ನು ನೋಡಿ ಮೂರನೆಯ ದಿಕ್ಕು ಹೇಳಿದ. ಮುನಿವೆಂಕಟಪ್ಪ ಗಿರಣಿ ನಿಲ್ಲಿಸಿ ಬಂದು, "ನಮ್ಮನೇಲಿ ವಾಯುವ್ಯಕ್ಕೆ ಹಾಕ್ಸಿದೀನಿ, ಒಂದ್ ತೊಂದ್ರೆ ಆಗಿಲ್ಲ. ವ್ಯಾಲ್ಯೂ ಇಲ್ದಿರೋ ಮನೆ, ಆದ್ರೂ ಹೇಳ್ತಿದೀನಿ" ಎಂದರು.

ವಾಯುವ್ಯದಲ್ಲಿ ರಾಯರ ಮನೆಯ ಉಗ್ರಾಣವಿತ್ತು. ಹಿಂದೆ ರಾಗಿ ತುಂಬಿಸುತ್ತಿದ್ದ ಕೋಣೆ, ಅಡುಗೆಮನೆಗೆ ಅಂಟಿಕೊಂಡದ್ದು. ಈಗ ಅಲ್ಲಿ ಹಳೇ ಕಡತ, ಒಡೆದ ಕುರ್ಚಿ, ಮಿಕ್ಸಿಯ ಡಬ್ಬಿಗಳು. ಆರತಿ ಒಳಗೆ ಹೋಗಿ ನಿಂತಳು, ಕೈ ಚಾಚಿದಳು, ತಿರುಗಿದಳು. "ಆಗತ್ತೆ" ಎಂದಳು. "ಹೊರಗಡೆ ಗೋಡೆ ಇದೆ, ನೀರು ಹೋಗೋಕೆ ದಾರಿ ಇದೆ. ಕಂಬಕ್ಕೂ ಇದಕ್ಕೂ ಸಂಬಂಧಾನೇ ಇಲ್ಲ." ಆಮೇಲೆ ನನ್ನ ಕಡೆ ನೋಡಿ ದನಿ ತಗ್ಗಿಸಿದಳು. "ಆದ್ರೆ ಮ್ಯಾಮ್, ಬಾಗಿಲು."

ಉಗ್ರಾಣದ ಬಾಗಿಲು ಕಿರಿದು, ಗಿಡ್ಡ. ತಲೆ ಬಗ್ಗಿಸಿ ಹೊಸ್ತಿಲು ದಾಟಬೇಕು. ಮಂಡಿ ನೋವಿನವರಿಗೆ ಆಗದು. ಒಂಟಿ ಹಲಗೆಯ ಕದ, ಕಬ್ಬಿಣದ ಬಳೆ, ಮೇಲ್ಪಟ್ಟಿಯಲ್ಲಿ ಗಜಲಕ್ಷ್ಮಿ. ಆನೆಗಳ ಸೊಂಡಿಲು ಪೀಳಿಗೆಗಳ ಅರಿಶಿನ ಕುಂಕುಮದಲ್ಲಿ ಸವೆದು ಬೆರಳಿನಂತಾಗಿತ್ತು. ಕಂಬಗಳಿಗಿಂತ ಅದು ಹಳೆಯದು ಎಂದು ನನ್ನ ಅಂದಾಜು. ಅದನ್ನು ನಾನು ಅಲ್ಲಿ ಯಾರಿಗೂ ಹೇಳಲಿಲ್ಲ.

"ಬಾಗಿಲು ಅಗಲ ಮಾಡು" ಎಂದೆ.

ಹೊಸ ನಕ್ಷೆಯನ್ನು ಪದ್ಮಕ್ಕ ತುಂಬ ಹೊತ್ತು ನೋಡಿದರು. ಅವರಿಗೆ ಒಪ್ಪಿಗೆಯಾಯಿತು ಎಂದು ಮುಖ ಹೇಳುತ್ತಿತ್ತು. ಗಂಡನ ಕಡೆ ತಿರುಗಿ, "ಏನೂಂದ್ರೆ, ಜಾಗ ಇಲ್ಲ ಅಂತಿದ್ರಲ್ಲ, ಈ ಮಗು ಜಾಗ ಹುಡುಕಿದಾಳೆ ನೋಡಿ" ಎಂದರು. ರಾಯರು ಕೆಮ್ಮಿದರು. "ಪಟ್ಟಿ ವಿಷಯ?" ಎಂದು ನನ್ನನ್ನು ಕೇಳಿದರು.

"ನಿಮ್ಮ ಮನೆ ನಮ್ಮ ದಾಖಲೆಯಲ್ಲಿ ಬೇಡ ಅಂದ್ರೆ ತೆಗೀತೀನಿ ಸರ್. ನಕ್ಷೆ ನಿಮಗೇ ಕೊಟ್ಟು ಹೋಗ್ತೀನಿ."

ನಿಖಿಲ ಬಾಯಿ ತೆರೆದ. ನಾನು ನೋಡಿದೆ. ಮುಚ್ಚಿಕೊಂಡ.

"ಆದ್ರೆ ಆ ಮದನಪಲ್ಲಿಯವನಿಗೆ ಬಾ ಅಂತ ಹೇಳ್ಬಿಟ್ಟಿದೀನಲ್ಲಮ್ಮಾ. ಕೊಟ್ಟ ಮಾತು" ಎಂದರು ರಾಯರು. "ನಾಳೆ ಅವನು ಬರ್ಲಿ. ನೋಡೋಣ."

ದೀಪ ಹಚ್ಚುವ ಹೊತ್ತಾಗಿತ್ತು. ಆ ಮಾತಿಗಿಂತ ಹೆಚ್ಚಿನದು ಆ ದಿನ ಸಿಗಲಿಲ್ಲ.

ಮರುದಿನ ಬೆಳಿಗ್ಗೆ ನಿಖಿಲನೊಡನೆ ಮೊದಲ ಬಸ್ಸಿಗೆ ಹೋದೆ. ಟೆಂಪೋ ಆಗಲೇ ಜಗುಲಿಗೆ ಬೆನ್ನು ಹಾಕಿ ನಿಂತಿತ್ತು. ಒಳಗೆ ಕಬ್ಬಿಣದ ಜಾಕಿಗಳು. ವ್ಯಾಪಾರಿ ನಡುಮನೆಯಲ್ಲಿ ಕಂಬಕ್ಕೊರಗಿ ಕಾಫಿ ಕುಡಿಯುತ್ತಿದ್ದ. ಅವನು ದೊಡ್ಡ ದನಿಯ ಮನುಷ್ಯ.

"ರಾಯರೇ, ಅಲ್ಲಿಂದ ಖಾಲಿ ಗಾಡಿ ತಂದಿದೀನಿ. ಖಾಲಿ ಗಾಡಿ ವಾಪಸ್ ಹೋಗೋದು ನಮ್ ಲೈನಲ್ಲಿ ಅಪಶಕುನ. ಏಂ ಸಾಮಿ, ಆಟನಾ?"

ರಾಯರು ಕಂಬಗಳನ್ನು ನೋಡಿದರು, ಹೆಂಡತಿಯನ್ನು ನೋಡಿದರು. ಮೊದಲು ಮಾತಾಡಿದವರು ಪದ್ಮಕ್ಕ.

"ಖಾಲಿ ಯಾಕೆ ಹೋಗ್ತೀಯಪ್ಪಾ? ಉಗ್ರಾಣದ ಬಾಗಿಲು ಹೇಗೂ ತೆಗೀಬೇಕು. ಕಂಬದ ಬದಲು ಅದನ್ನೇ ಚೌಕಟ್ಟು ಸಮೇತ ತಗೊಂಡ್ಹೋಗು."

ವ್ಯಾಪಾರಿ ಬಂದು ಗಜಲಕ್ಷ್ಮಿಯ ಮೇಲೆ ಬೆರಳಾಡಿಸಿದ. ಅವನ ಮುಖ ಬದಲಾಗದಂತೆ ನೋಡಿಕೊಂಡ ರೀತಿಯಿಂದಲೇ ನನ್ನ ಅಂದಾಜು ಸರಿ ಎಂದು ತಿಳಿಯಿತು. "ಏನೋ, ತಮ್ಮ ಮುಖ ನೋಡಿ" ಎಂದು ಒಪ್ಪಿಕೊಂಡ.

ಅವನ ಆಳುಗಳು ಕದ ಬಿಚ್ಚಿ, ಗೋಡೆಯಿಂದ ಚೌಕಟ್ಟನ್ನು ಸಡಿಲಿಸಿದರು. ಪದ್ಮಕ್ಕ ಹೊಸ್ತಿಲಿಗೆ ಕೊನೆಯ ಸಲ ಕುಂಕುಮವಿಟ್ಟು ಕೈ ಮುಗಿದರು. ಕದ ಬಹಳ ಭಾರವಿತ್ತು. ಚೌಕಟ್ಟು ಹಿಡಿದ ಆಳುಗಳ ಕೈ ತುಂಬಿತ್ತು; ಕದ ಗೋಡೆಗೊರಗಿ ನಿಂತಿತ್ತು. ನಿಖಿಲ ನನ್ನ ಪಕ್ಕ ಬಂದು, "ಮ್ಯಾಮ್, ಇದನ್ನ ಹೋಗೋಕೆ ಬಿಡ್ತೀರಾ?" ಎಂದು ಪಿಸುಗುಟ್ಟಿದ. ಅವನ ಕಣ್ಣು ಒದ್ದೆಯಾಗಿತ್ತು.

"ಎಲ್ಲ ಕಡೆಯಿಂದ ಫೋಟೋ ತೆಗೆದಿದೀಯಾ?"

"ಹ್ಞೂಂ."

"ಹಾಗಾದ್ರೆ ಆ ತುದಿ ಹಿಡಿ" ಎಂದೆ. ಈ ತುದಿಯನ್ನು ನಾನು ಹಿಡಿದೆ. ಕಂಬಗಳಿಗೆ ತಾಗದಂತೆ ನಡುಮನೆ ದಾಟಿ, ಜಗುಲಿ ಇಳಿದು, ಇಬ್ಬರೂ ಸೇರಿ ಅದನ್ನು ಟೆಂಪೋಗೆ ಏರಿಸಿದೆವು.